ವರದಿಯ ಫೋಟೊ ಗ್ರೂಪಿಗೆ ಹೋದ ಮೇಲೆ

ಪ್ರಶ್ನೆ: ನನ್ನ ಓರಗಿತ್ತಿಗೆ ಕಳೆದ ತಿಂಗಳು ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಬಂಧುಗಳಲ್ಲಿ ವೈದ್ಯರೊಬ್ಬರಿದ್ದಾರೆ, ಅವರ ಸಲಹೆ ಸಿಗಲಿ ಎಂದು ನಾನು ಬಯಾಪ್ಸಿ ವರದಿಯ ಫೋಟೊವನ್ನು ನಮ್ಮ ಮನೆತನದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಮರುದಿನವೇ ಅದು ಅಕ್ಕನ ವಯಸ್ಸಾದ ತಾಯಿಗೂ, ಅಕ್ಕನ ಮಗಳನ್ನು ನೋಡಿಕೊಂಡು ಹೋಗಿದ್ದ ಗಂಡಿನ ಕಡೆಯವರಿಗೂ ಮುಟ್ಟಿತು. ಅಕ್ಕ ಈಗ ನನ್ನೊಡನೆ ಮಾತು ಬಿಟ್ಟಿದ್ದಾರೆ. ಒಳ್ಳೆಯದಕ್ಕೆಂದೇ ಮಾಡಿದ್ದರಲ್ಲಿ ತಪ್ಪೇನು? ಫೋನ್ ಮಾಡಿ ಕೇಳುವವರಿಗೆ ಏನು ಹೇಳಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಒಬ್ಬ ವೈದ್ಯರಿಗೆ ತೋರಿಸಬೇಕಿದ್ದ ಕಾಗದವನ್ನು, ಅದರ ತಲೆಯ ಮೇಲೆ ಅಚ್ಚಾಗಿದ್ದ ಹೆಸರು, ವಯಸ್ಸು, ಆಸ್ಪತ್ರೆಯ ನೋಂದಣಿ ಸಂಖ್ಯೆಗಳ ಸಮೇತ, ಇಡೀ ಬಳಗದ ಮುಂದೆ ಹರವಿದಿರಿ. ತಾಯಿಗೆ ಯಾವಾಗ, ಯಾವ ಮಾತಿನಲ್ಲಿ ಹೇಳಬೇಕೆಂದು ಅಕ್ಕ ಯೋಚಿಸುತ್ತಿದ್ದಿರಬಹುದು. ಆ ಅವಕಾಶ ಅವರ ಕೈತಪ್ಪಿತು. ಅವರ ಸಿಟ್ಟು ಅದಕ್ಕೆ ಎಂದು ನನಗನಿಸುತ್ತದೆ.

ರೋಗಿಯ ಗುಟ್ಟನ್ನು ಹೊರಗೆಡಹದಂತೆ ವೈದ್ಯರನ್ನು 2002ರ ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಡವಳಿಕೆ ನಿಯಮಗಳು ತಡೆಯುತ್ತವೆ; ನ್ಯಾಯಾಲಯದ ಆದೇಶ, ಇತರರಿಗೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಎಂಬಂಥ ಕೆಲವೇ ವಿನಾಯಿತಿಗಳಿವೆ. ಎಚ್‌ಐವಿಯ ವಿಷಯದಲ್ಲಂತೂ, ನಂಬಿ ಹೇಳಿದ್ದನ್ನು ಒಪ್ಪಿಗೆಯಿಲ್ಲದೆ ಯಾರೂ ಬಯಲು ಮಾಡಬಾರದೆಂದು 2017ರ ಕಾಯ್ದೆಯೇ ಹೇಳುತ್ತದೆ. ಕ್ಯಾನ್ಸರಿನ ಸುದ್ದಿ ತಿಳಿದ ಮನೆಯವರಿಗೆ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ. ಆದರೂ ಹೆಣ್ಣುಮಗಳ ಮದುವೆಯ ಮಾತುಕತೆಗೆ ತಾಯಿಯ ಕಾಯಿಲೆಯನ್ನು ತಂದು ಜೋಡಿಸುವ ನಮ್ಮ ಜನರ ಚಾಳಿ ನಿಮಗೆ ಗೊತ್ತಿಲ್ಲದ್ದೇನಲ್ಲ.

ಮೊದಲು ಆ ಫೋಟೊ ಅಳಿಸಿ, ಈಗಾಗಲೇ ಮುಂದೆ ಕಳಿಸಿದವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ಅಳಿಸಲು ಕೇಳಿಕೊಳ್ಳಿ, ಏಕೆಂದರೆ ಗ್ರೂಪಿನಲ್ಲಿ ಅಳಿಸಿದ ಮಾತ್ರಕ್ಕೆ ಫಾರ್ವರ್ಡ್ ಆದ ಪ್ರತಿಗಳು ಹೋಗುವುದಿಲ್ಲ. ಆಮೇಲೆ ಅಕ್ಕನ ಮನೆಗೆ ಹೋಗಿ, ‘ಕೇಳದೆ ಹಾಕಿದ್ದು ನನ್ನ ತಪ್ಪು’ ಎಂದಷ್ಟೇ ಹೇಳಿ. ‘ಒಳ್ಳೆಯದಕ್ಕೆ’ ಎಂಬ ಪದ ಆ ದಿನ ನಿಮ್ಮ ಬಾಯಿಂದ ಬರಕೂಡದು. ಬಂದರೆ ಕ್ಷಮೆ ಹೋಗಿ ವಾದವಾಗುತ್ತದೆ.

ಯಾರಿಗೆ ಎಷ್ಟು ಹೇಳಬೇಕೆಂಬುದನ್ನು ಅವರನ್ನೇ ಕೇಳಿ. ಅಲ್ಲಿಯವರೆಗೆ, ಫೋನ್ ಮಾಡುವವರಿಗೆ ‘ಚಿಕಿತ್ಸೆ ನಡೆಯುತ್ತಿದೆ, ಮಿಕ್ಕದ್ದನ್ನು ಅಕ್ಕನೇ ಹೇಳುತ್ತಾರೆ’ ಎಂದರೆ ಸಾಕು. ಯಾವ ಹಂತ, ಎಷ್ಟು ಖರ್ಚು ಎಂದು ಕೆದಕುವವರಿಗೂ ಇದೇ ಉತ್ತರ. ಕಿಮೊ ಕೊಟ್ಟರೆ, ಸಾಮಾನ್ಯವಾಗಿ 7ರಿಂದ 14 ದಿನಗಳ ಒಳಗೆ ಬಿಳಿ ರಕ್ತಕಣಗಳು ತೀರಾ ಇಳಿಯುವುದರಿಂದ ಸೋಂಕಿನ ಭಯ ಹೆಚ್ಚು. ಆದ್ದರಿಂದ ಹಣ್ಣು, ಎಳನೀರು ಹಿಡಿದು ನೋಡಲು ಹೊರಟವರನ್ನು ‘ಕೇಳಿಕೊಂಡು ಬನ್ನಿ’ ಎಂದು ತಡೆಯಬಹುದು. ಅದಕ್ಕೂ ಅಕ್ಕನ ಒಪ್ಪಿಗೆ ಪಡೆದಿರಿ.

ಗಂಡಿನ ಕಡೆಯವರಿಗೆ ಸಮಜಾಯಿಷಿ ಕೊಡಲು ಮಾತ್ರ ನೀವಾಗಿಯೇ ಹೋಗಬೇಡಿ. ಅಲ್ಲಿ ಏನು ಹೇಳಬೇಕು, ಹೇಳಬೇಕೋ ಬೇಡವೋ ಎಂಬುದನ್ನು ಅಕ್ಕ ಮತ್ತು ಅವರ ಮಗಳು ತೀರ್ಮಾನಿಸಲಿ.