ಹಾಡಿನ ಸಾಲು ಬೆದರಿಕೆಯಾಗುವುದು ಯಾವಾಗ?

ಅಡ್ವಾನ್ಸ್ ಹಣ ಹಿಂದಿರುಗಿಸದ ಮನೆ ಮಾಲೀಕರ ಮೇಲೆ ಹನುಮಂತನಗರದ ನಿಮ್ಮ ತಮ್ಮ ರ‍್ಯಾಪ್ ಹಾಡು ಕಟ್ಟಿ, "ನಿನ್ನ ಗೇಟಿಗೆ ಬೆಂಕಿ ಇಡ್ತೀನಿ" ಎಂಬ ಸಾಲನ್ನೂ ಸೇರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಾರೆ. ಕಲೆ ಎಂಬ ಕಾರಣಕ್ಕೆ ಅದಕ್ಕೆ ರಕ್ಷಣೆ ಇದೆಯೇ ಎಂದು ನೀವು ಕೇಳಿದ್ದೀರಿ.

ರಕ್ಷಣೆ ಇದೆ, ಆದರೆ ಪೂರ್ತಿಯಾಗಿ ಇಲ್ಲ. ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ನೀಡುವ ಸಂವಿಧಾನದ 19(1)(ಎ) ವಿಧಿ ಹಾಡಿಗೂ ಅನ್ವಯಿಸುತ್ತದೆ. ಸಂಸದ ಇಮ್ರಾನ್ ಪ್ರತಾಪ್‌ಗಢಿ ಹಂಚಿಕೊಂಡಿದ್ದ ಕವಿತೆಯ ಮೇಲಿನ ಎಫ್‌ಐಆರ್ ಅನ್ನು 2025ರ ಮಾರ್ಚ್‌ನಲ್ಲಿ ರದ್ದುಪಡಿಸಿದ ಸುಪ್ರೀಂ ಕೋರ್ಟ್, ಮಾತಿನ ಪರಿಣಾಮವನ್ನು ಅಳುಕುವ ಮನಸ್ಸಿನಿಂದಲ್ಲ, ವಿವೇಕವುಳ್ಳ ದೃಢಮನಸ್ಕರ ದೃಷ್ಟಿಯಿಂದ ಅಳೆಯಬೇಕೆಂದಿತು. ಈ ತೀರ್ಪು ನನಗೆ ಬಹಳ ಮುಖ್ಯವೆನಿಸುತ್ತದೆ. ಆದರೆ ಆ ಕವಿತೆ ಯಾವುದೇ ಒಬ್ಬ ವ್ಯಕ್ತಿಯ ಮನೆಬಾಗಿಲಿಗೆ ಬೊಟ್ಟು ಮಾಡಿರಲಿಲ್ಲ.

ನಿಮ್ಮ ತಮ್ಮನ ವಿಡಿಯೊದಲ್ಲಿ ಮಾಲೀಕರ ಹೆಸರೂ ಗೇಟಿನ ಮೇಲಿನ ಮನೆ ಸಂಖ್ಯೆಯೂ ಕಾಣುತ್ತವೆ ಎಂದಿದ್ದೀರಿ. ನನ್ನ ಆತಂಕವಿರುವುದು ಅಲ್ಲಿಯೇ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಭಯ ಹುಟ್ಟಿಸುವ ಉದ್ದೇಶದಿಂದ ಹಾನಿಯ ಬೆದರಿಕೆ ಹಾಕುವುದು ಅಪರಾಧ; ಬೆಂಕಿಯಿಂದ ಸ್ವತ್ತು ನಾಶಪಡಿಸುವ ಬೆದರಿಕೆಯಾದರೆ 7 ವರ್ಷಗಳವರೆಗೆ ಸಜೆಯಾಗಬಹುದು. ಉದ್ದೇಶವನ್ನು ರುಜುವಾತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದ್ದು ನಿಜ, ಆದರೂ ಹಣದ ಜಗಳ ನಡೆಯುತ್ತಿರುವಾಗಲೇ ವಿಳಾಸ ತೋರಿಸಿ ಹಾಡಿದ್ದನ್ನು ಬರೀ ಪ್ರಾಸವೆಂದು ವಾದಿಸುವುದು ಕಷ್ಟ. ಅಡ್ವಾನ್ಸ್ ಹಣ ಬಾರದ ಸಿಟ್ಟನ್ನು ಹಾಡುವ ಹಕ್ಕು ನಿಮ್ಮ ತಮ್ಮನಿಗೆ ಖಂಡಿತ ಇದೆ; ತೊಂದರೆಯಿರುವುದು ಬೆಂಕಿಯ ಆ ಸಾಲಿನಲ್ಲಿ.

ಮೂಲ ವಿಡಿಯೊವನ್ನು ಅಳಿಸದೆ ತಮ್ಮ ಬಳಿ ಇಟ್ಟುಕೊಂಡು, ಪೋಸ್ಟನ್ನು ಸದ್ಯಕ್ಕೆ ಹಿಂತೆಗೆದು, ಅಡ್ವಾನ್ಸ್ ಹಣಕ್ಕಾಗಿ ವಕೀಲರ ಮೂಲಕ ನೋಟಿಸ್ ಕೊಡಲು ಅವರಿಗೆ ಹೇಳಿ.