ಓದುಗರ ಪ್ರಶ್ನೆ: ಎಂಬ್ವಿಲಾದಲ್ಲಿ ಕಾಂಗೋ ಸೋತದ್ದು ಬಂದೂಕಿಗೋ?

ಪ್ರಶ್ನೆ: ಆಫ್ರಿಕಾದ ಕಾಂಗೋ ರಾಜ್ಯವು 1665ರಲ್ಲಿ ಎಂಬ್ವಿಲಾ ಎಂಬಲ್ಲಿ ಪೋರ್ಚುಗೀಸರಿಗೆ ಸೋತು, ಅದರ ದೊರೆಯೇ ರಣರಂಗದಲ್ಲಿ ಮಡಿದನೆಂದು ಓದಿದೆ. ಆ ದೊರೆಯೂ ಕ್ರೈಸ್ತನಾಗಿದ್ದನಂತೆ. ಒಂದೇ ಮತದವರ ನಡುವೆ ಯುದ್ಧವೇಕೆ ನಡೆಯಿತು? ಬಿಲ್ಲುಬಾಣ ಹಿಡಿದವರು ಬಂದೂಕಿನ ಮುಂದೆ ನಿಲ್ಲಲಾರದೆ ಹೋದರು ಎಂದಷ್ಟೇ ತಿಳಿಯಬೇಕೇ?
(ಓದುಗರೊಬ್ಬರು, ಹಾಸನ)

ಉತ್ತರ: ಕಾಂಗೋದ ಅರಸರು ದೀಕ್ಷಾಸ್ನಾನ ಪಡೆದದ್ದು 1491ರಲ್ಲಿ. ಆದರೆ ಅವರ ತಕರಾರು ಮತದ್ದಾಗಿರಲಿಲ್ಲ, ನೆಲದ್ದು ಮತ್ತು ಗಣಿಯದ್ದಾಗಿತ್ತು. ಪೋರ್ಚುಗೀಸರ ಅಂಗೋಲಾದ ಮುಖ್ಯ ಪಟ್ಟಣವಾದ ಲುವಾಂಡಾವನ್ನು 1641ರಿಂದ 1648ರವರೆಗೆ ಡಚ್ಚರು ಹಿಡಿದಿದ್ದಾಗ ಕಾಂಗೋದ ದೊರೆ ಎರಡನೆಯ ಗಾರ್ಸಿಯಾ ಅವರ ಪಕ್ಷ ವಹಿಸಿದ್ದನು. ಪಟ್ಟಣವನ್ನು ಮರಳಿ ಪಡೆದ ಪೋರ್ಚುಗೀಸರು ಅದಕ್ಕೆ ದಂಡ ತೆರುವಂತೆ ಅವನನ್ನು ಒತ್ತಾಯಿಸಿದರು; ಕಾಂಗೋದಲ್ಲಿ ಹಣವಾಗಿ ಚಲಾವಣೆಯಲ್ಲಿದ್ದ ‘ಎಂಜಿಂಬು’ ಎಂಬ ಚಿಪ್ಪು ದೊರೆಯುತ್ತಿದ್ದ ಲುವಾಂಡಾ ದ್ವೀಪವನ್ನೂ, ತನ್ನ ರಾಜ್ಯದ ಗಣಿಗಳನ್ನೂ ಅವನು ಬಿಟ್ಟುಕೊಡಬೇಕೆಂಬುದು ಅವರ ಹಟವಾಗಿತ್ತು. ಮುಂದೆ ಪಟ್ಟಕ್ಕೆ ಬಂದ ಮೊದಲನೆಯ ಆಂಟೋನಿಯೊ, ಅಂದರೆ ಎನ್‌ವಿಟಾ ಎ ಎನ್‌ಕಾಂಗಾ, ಗಣಿಗಳನ್ನು ಕೊಡಲು ಒಪ್ಪಲಿಲ್ಲ. ಅದೇ ಹೊತ್ತಿಗೆ ಕಾಂಗೋಕ್ಕೂ ಪೋರ್ಚುಗೀಸರ ಅಂಗೋಲಾಕ್ಕೂ ನಡುವಿನ ಗಡಿಯಲ್ಲಿದ್ದ ಎಂಬ್ವಿಲಾ ಎಂಬ ಸಣ್ಣ ಸೀಮೆಯ ಉತ್ತರಾಧಿಕಾರದ ಜಗಳದಲ್ಲಿ ಒಂದು ಪಕ್ಷ ಲುವಾಂಡಾದ ಪೋರ್ಚುಗೀಸರ ನೆರವನ್ನು ಕೇಳಿತು. ಕಾಳಗಕ್ಕೆ ಅಷ್ಟೇ ನೆಪ ಸಾಕಾಯಿತು.

1665ರ ಜುಲೈಯಲ್ಲಿ ಆಂಟೋನಿಯೊ ಹೊರಡಿಸಿದ ಕರೆಯಲ್ಲಿ, ಮೇಲು ಕೀಳೆನ್ನದೆ ಆಯುಧ ಹಿಡಿಯಬಲ್ಲ ಪ್ರತಿಯೊಬ್ಬನೂ ತನ್ನ ನೆಲ, ಸೊತ್ತು, ಹೆಂಡತಿ ಮಕ್ಕಳು, ಪ್ರಾಣ ಮತ್ತು ಸ್ವಾತಂತ್ರ್ಯವನ್ನು ಕಾಯಲು ಬರಬೇಕೆಂದು ಹೇಳಿದ್ದನು. ಗುಲಾಮರ ವ್ಯಾಪಾರ ಜೋರಾಗಿದ್ದ ಆ ಕರಾವಳಿಯಲ್ಲಿ ‘ಸ್ವಾತಂತ್ರ್ಯ’ವೆಂಬ ಮಾತಿಗೆ ಎಷ್ಟು ಭಾರವಿತ್ತೆಂಬುದನ್ನು ನಾವು ಮರೆಯಬಾರದು.

ಇನ್ನು ಬಂದೂಕಿನ ಮಾತು. ಅಕ್ಟೋಬರ್ 29ರಂದು ನಡೆದ ಈ ಕಾಳಗವನ್ನು ಬಿಳಿಯರಿಗೂ ಕರಿಯರಿಗೂ ನಡೆದದ್ದೆಂದು ಬಣ್ಣಿಸುವುದು ತಪ್ಪು. ಪೋರ್ಚುಗೀಸರ ಕಡೆ ಸುಮಾರು 450 ಬಂದೂಕುಧಾರಿಗಳೂ ಎರಡು ಸಣ್ಣ ಫಿರಂಗಿಗಳೂ ಇದ್ದವು. ಅವರ ದಂಡಿನ ಬಹುಪಾಲು ಆಫ್ರಿಕನ್ನರೇ ಆಗಿದ್ದರು, ಸೇನಾಪತಿ ಲೂಯಿಸ್ ಲೋಪೆಸ್ ದೆ ಸೆಕೇರಾ ಕೂಡ ಮಿಶ್ರ ರಕ್ತದವನು. ಕಾಂಗೋದ ಪಾಳೆಯದಲ್ಲಿ ಸಾವಿರಾರು ರೈತ ಬಿಲ್ಲುಗಾರರು ಮತ್ತು ಗುರಾಣಿ ಹಿಡಿದ ಪದಾತಿಗಳ ಜೊತೆಗೆ ಸುಮಾರು 380 ಬಂದೂಕುಧಾರಿಗಳಿದ್ದರು, ಅವರಲ್ಲಿ ಕೆಲವರು ಪೋರ್ಚುಗೀಸರೇ! ಕಾಂಗೋದ ಸೇನೆ ಎದುರಾಳಿಯ ಆಫ್ರಿಕನ್ ಪಡೆಗಳನ್ನು ಹಿಂದಕ್ಕೆ ತಳ್ಳಿತಾದರೂ ನಡುವೆ ಒತ್ತಾಗಿ ನಿಂತಿದ್ದ ಬಂದೂಕಿನವರ ವ್ಯೂಹವನ್ನು ಭೇದಿಸಲು ಅದರಿಂದಾಗಲಿಲ್ಲ. ಹೋರಾಡುತ್ತಲೇ ದೊರೆ ಬಿದ್ದನು, ಅವನೊಡನೆ ದಂಡು ಚದುರಿತು. ಗೆದ್ದವರು ಅವನ ರುಂಡವನ್ನು ಕತ್ತರಿಸಿ ಲುವಾಂಡಾಕ್ಕೆ ಒಯ್ದು, ಕ್ರೈಸ್ತ ರಾಜನೆಂಬ ಕಾರಣಕ್ಕೆ ವಿಧಿಪೂರ್ವಕವಾಗಿ ಹೂಳಿದರು. ಅಲ್ಲಿನ ನಜರೆತ್ ಮಾತೆಯ ಪ್ರಾರ್ಥನಾಮಂದಿರದ ಗೋಡೆಯ ಹೆಂಚುಗಳ ಮೇಲೆ ಆ ಕಾಳಗದ ಚಿತ್ರವಿದೆ. ಕೊಂದವರೇ ಸಂಸ್ಕಾರ ಮಾಡಿ, ಗೆಲುವಿನ ಚಿತ್ರವನ್ನೂ ಬರೆಸಿದ ಆ ಗೋಡೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ.

ನನ್ನ ಅಭಿಪ್ರಾಯದಲ್ಲಿ ಕಾಂಗೋವನ್ನು ಮುರಿದದ್ದು ಆ ದಿನದ ಗುಂಡುಗಳಿಗಿಂತ ಹೆಚ್ಚಾಗಿ ಬರಿದಾದ ಸಿಂಹಾಸನ. ದೊರೆಯೊಂದಿಗೆ ನೂರಾರು ಸರದಾರರು ಮಡಿದಿದ್ದರಿಂದ ಪಟ್ಟಕ್ಕಾಗಿ ಕಿಂಪಾಂಜು ಮತ್ತು ಕಿನ್ಲಾಜಾ ಮನೆತನಗಳು ಹೊಡೆದಾಡಿಕೊಂಡವು. 1678ರಲ್ಲಿ ರಾಜಧಾನಿ ಎಂಬಾಂಜಾ ಕಾಂಗೋ ಹಾಳುಬಿತ್ತು. ಈ ಅಂತಃಕಲಹದಲ್ಲಿ ಸೆರೆಸಿಕ್ಕ ಸಾವಿರಾರು ಜನರನ್ನು ಹಡಗುಗಳಿಗೆ ಮಾರಲಾಯಿತು.

ಬಂದೂಕೇ ಎಲ್ಲವನ್ನೂ ತೀರ್ಮಾನಿಸುತ್ತಿದ್ದರೆ, ಮುಂದಿನ ಘಟನೆ ನಡೆಯುತ್ತಲೇ ಇರಲಿಲ್ಲ. ಎಂಬ್ವಿಲಾದ ಗೆಲುವಿನಿಂದ ಉಬ್ಬಿದ ಪೋರ್ಚುಗೀಸರು ಕಾಂಗೋ ನದಿಯ ಮುಖದ ಬಳಿಯಿದ್ದ ಸೋಯೊ ಸಂಸ್ಥಾನದ ಮೇಲೆ 1670ರಲ್ಲಿ ದಂಡೆತ್ತಿ ಹೋದರು. ಡಚ್ಚರಿಂದ ಆಯುಧ ಕೊಳ್ಳುತ್ತಿದ್ದ ಸೋಯೊದವರು ಅಕ್ಟೋಬರ್ 18ರಂದು ಕಿಟೊಂಬೊದಲ್ಲಿ ಆ ದಂಡನ್ನು ನುಚ್ಚುನೂರು ಮಾಡಿದರು, ಅದರ ನಾಯಕನೂ ಅಲ್ಲೇ ಸತ್ತನು. ಆಮೇಲೆ ಬಹುಕಾಲ ಪೋರ್ಚುಗೀಸರು ಆ ಸೀಮೆಗೆ ಸೇನೆ ತರಲಿಲ್ಲ. ಪಾಳುಬಿದ್ದಿದ್ದ ಎಂಬಾಂಜಾ ಕಾಂಗೋ ರಾಜಧಾನಿಯಲ್ಲಿ ಕಾಂಗೋದ ದೊರೆ ನಾಲ್ಕನೆಯ ಪೆದ್ರೊ 1709ರಲ್ಲಿ ತನ್ನ ಅಧಿಕಾರವನ್ನು ಭದ್ರಪಡಿಸಿಕೊಂಡನು.