ತೊಗಟೆಯಡಿಯ ದುಂಬಿ: ಬಣ್ಣ ಬಿಡಿ, ಮೀಸೆ ನೋಡಿ

ಪ್ರಶ್ನೆ: ಹೋದ ಮಳೆಗಾಲದಲ್ಲಿ ಬಿದ್ದ ಹಲಸಿನ ಮರವೊಂದು ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಹಾಗೇ ಇದೆ. ಸೌದೆಗೆಂದು ತೊಗಟೆ ಎಬ್ಬಿಸಿದರೆ ಅಡಿಯಲ್ಲಿ ಬಿಳಿ ಬೂಷ್ಟು, ಅದರ ಮೇಲೆ ಹತ್ತಾರು ಕಪ್ಪು ದುಂಬಿಗಳು. ಒಂದು ಸೆಂಟಿಮೀಟರ್ ಉದ್ದ ಇರಬಹುದು, ಬೆನ್ನ ಮೇಲೆ ನಾಲ್ಕು ಹಳದಿ ಚುಕ್ಕೆ. ಫೋಟೋ ಕಳುಹಿಸಿದ್ದೇನೆ. ಇದು ಯಾವ ಹುಳು? ಅಡಿಕೆಗೆ ಹತ್ತುತ್ತದೆಯೇ? ಔಷಧಿ ಹೊಡೆಯಬೇಕಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಔಷಧಿ ಹೊಡೆಯಬೇಡಿ. ಇದು ಎಂಡೊಮೈಕಿಡೀ ಕುಟುಂಬದ ದುಂಬಿ, ಚುಕ್ಕೆ ನೋಡಿದರೆ ಯುಮಾರ್ಫಸ್ ಕುಲದ್ದು ಅನ್ನಿಸುತ್ತದೆ. ಮರಿಹುಳುವೂ ದೊಡ್ಡ ದುಂಬಿಯೂ ತಿನ್ನುವುದು ಬೂಷ್ಟು, ಅಣಬೆ. ಲಡ್ಡಾದ ಮರ ಇದ್ದಲ್ಲಿ ಇವು ಇರುತ್ತವೆ.

ಆದರೆ ಚುಕ್ಕೆಯನ್ನಷ್ಟೇ ನಂಬಬೇಡಿ. ಎರೊಟೈಲಿಡೀ ಅಂತ ಇನ್ನೊಂದು ಅಣಬೆ ತಿನ್ನುವ ಕುಟುಂಬ ಇದೆ, ಅದರಲ್ಲೂ ಕಪ್ಪು ಮೈಮೇಲೆ ಹಳದಿ, ಕಿತ್ತಳೆ ಪಟ್ಟೆ ಇರುವವು ಬೇಕಾದಷ್ಟಿವೆ, ಮೇಲಿಂದ ತೆಗೆದ ಫೋಟೋದಲ್ಲಿ ಎಂಥವರಿಗೂ ಗೊಂದಲ ಆಗುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಒಂದಿದ್ದರೆ ಸಾಕು. ಮೊದಲು ತಲೆಯ ಹಿಂದಿನ ಗಟ್ಟಿ ಫಲಕ ನೋಡಿ. ಅದರ ಹಿಂಬದಿ ಅಂಚಿನಿಂದ ಮುಂದಕ್ಕೆ, ಎಡಕ್ಕೊಂದು ಬಲಕ್ಕೊಂದು, ಉಗುರಿನಲ್ಲಿ ಗೀರಿದ ಹಾಗೆ ಎರಡು ಗೆರೆ ಕಂಡರೆ ಅದು ಎಂಡೊಮೈಕಿಡೀ. ಆಮೇಲೆ ಪಾದ. ಇವುಗಳ ಪಾದದಲ್ಲಿ ನಾಲ್ಕು ಗಂಟು ಇರುತ್ತವೆ, ಮೂರನೆಯದು ತೀರಾ ಸಣ್ಣದಾಗಿ ಅಡಗಿಕೊಂಡಿರುವುದರಿಂದ ಮೂರೇ ಇರುವಂತೆ ಕಾಣುತ್ತದೆ. ಎರೊಟೈಲಿಡೀಯಲ್ಲಿ ಐದು. ಮುಂದಿನ ನಾಲ್ಕು ಪಾದಕ್ಕೆ ಐದೈದು, ಹಿಂದಿನ ಎರಡಕ್ಕೆ ಮಾತ್ರ ನಾಲ್ಕು ಇದ್ದರೆ ಅದು ಟೆನೆಬ್ರಿಯೊನಿಡೀ ಅನ್ನುವ ಮತ್ತೊಂದು ದುಂಬಿ ಕುಟುಂಬ, ತೊಗಟೆಯಡಿ ಅವೂ ಸಾಮಾನ್ಯ. ಗುಲಗಂಜಿ ಹುಳುವಿನ ಪಾದವೂ ಹೀಗೇ ಮೂರು ಗಂಟಿನಂತೆ ಕಾಣುತ್ತದೆ, ಆದರೆ ಅದರ ಮೀಸೆ ಗಿಡ್ಡ. ನಿಮ್ಮ ದುಂಬಿಯ ಮೀಸೆ ಎಷ್ಟು ಉದ್ದ ಇದೆ ನೋಡಿ, ತುದಿಯ ಮೂರು ಗಂಟು ದಪ್ಪಗಾಗಿವೆ, ಅಲ್ವಾ? ನನಗೆ ಈ ದುಂಬಿಯಲ್ಲಿ ಅತಿ ಚೆಂದ ಕಾಣುವುದೇ ಆ ಮೀಸೆ.

ಇನ್ನು ಅಡಿಕೆಯ ವಿಷಯ. ಅಡಿಕೆಗೆ ಅಣಬೆ ರೋಗ ತರುವ ಗ್ಯಾನೊಡರ್ಮಾ ಎಂಬ ಶಿಲೀಂಧ್ರ ಮಣ್ಣಿನಲ್ಲಿ, ಬೇರಿನ ಮೂಲಕ ಹರಡುತ್ತದೆ. ನಿಮ್ಮ ಹಲಸಿನ ಮರದ ದುಂಬಿಗೂ ಅದಕ್ಕೂ ಸಂಬಂಧ ಕಟ್ಟಬೇಡಿ. ಮರ ಕೊರೆಯುವ ಹುಳುವೇ ಬೇರೆ. ಸೂಜಿ ಚುಚ್ಚಿದಂಥ ತೂತು, ಅದರ ಬಾಯಲ್ಲಿ ಸಣ್ಣ ಹಿಟ್ಟು, ಒಳಗೆ ಎರಡು ಮೂರು ಮಿಲಿಮೀಟರಿನ ಕಂದು ದುಂಬಿ. ಜೀವಂತ ಮರದಲ್ಲಿ ಅಂಥದ್ದು ಕಂಡರೆ ಆ ಟೊಂಗೆಯ ಚೂರನ್ನು ಡಬ್ಬಿಯಲ್ಲಿ ಹಾಕಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಹಲಸಿನ ಮರದ್ದು ಸೌದೆಗೆ ಬೇಕಾದಷ್ಟು ತೆಗೆದುಕೊಳ್ಳಿ, ಆದರೆ ತೀರಾ ಲಡ್ಡಾದ ಭಾಗವನ್ನು ಅಲ್ಲೇ ಬಿಡಿ.